ಕೊನೆಯ ಲ್ಯಾಂಡಿಂಗ್‌ಗೆ ಮುಂಚೆ ಇಪ್ಪತ್ತು ನಿಮಿಷ ನಿದ್ದೆ

ಆ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದಿದ್ದೆ. ಐದನೇ ಲ್ಯಾಂಡಿಂಗ್ ಸಂಜೆ ನಾಲ್ಕರ ಸುಮಾರಿಗೆ. ಸೆಸ್ನಾ 172, ಒಂದೇ ಎಂಜಿನ್‌ನ ಪುಟ್ಟ ವಿಮಾನ. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಂತದಲ್ಲಿ, ವೇಗ 65 ನಾಟ್ ಇರಬೇಕಾದ ಕಡೆ 75 ಇತ್ತು. ಕಣ್ಣಿಗೆ ಕಂಡಿತು, ಕೈ ಏನೂ ಮಾಡಲಿಲ್ಲ. ವಿಮಾನ ತೇಲಿ, ಬಡಿದು, ಪುಟಿಯಿತು. ಗೋ-ಅರೌಂಡ್ (ಇಳಿಯದೆ ಮತ್ತೆ ಮೇಲೇರುವುದು) ಮಾಡುವುದು ಬಿಟ್ಟು ಯೋಕ್ (ವಿಮಾನ ನಡೆಸುವ ಹಿಡಿ) ಮುಂದಕ್ಕೆ ಒತ್ತಿದೆ. ಪ್ರೊಪೆಲರ್ ರನ್‌ವೇಗೆ ತಾಗಿತು. ಆಮೇಲೆ ಎಂಜಿನ್ ಬಿಚ್ಚಿಸಿದ್ದು, ವಿಮೆ ಕಂತು ಏರಿದ್ದು ಎಲ್ಲ ಸೇರಿ ಸುಮಾರು ಎರಡು ವರ್ಷ ಹಾರಲು ಎತ್ತಿಟ್ಟ ಹಣ ಹೋಯಿತು.

ಮೊದಲು ಕಾಫಿ ನಂಬಿದೆ. ಇಳಿಯಲು ಶುರು ಮಾಡುವಾಗ ಕುಡಿದರೆ ಅದು ಕೆಲಸ ಮಾಡುವುದು ಪಾರ್ಕಿಂಗ್‌ನಲ್ಲಿ! ತಲೆ ವಾಲಿದರೆ ಕೂಗುವ ಸಾಧನಕ್ಕೂ ದುಡ್ಡು ಸುರಿದೆ. ಅದು ಒಂದು ಸಲವೂ ಕೂಗಲಿಲ್ಲ. ನಾನು ತೂಕಡಿಸುತ್ತಲೇ ಇರಲಿಲ್ಲ, ಅಲ್ವಾ? ಎಚ್ಚರವಾಗಿದ್ದೆ, ತೀರ್ಮಾನ ತಡವಾಗುತ್ತಿತ್ತು. ದಣಿದವನಿಗೆ ತನ್ನ ದಣಿವು ಗೊತ್ತಾಗುವುದೇ ಇಲ್ಲ. ಅದಕ್ಕೇ ಹಾರುವ ಮುಂಚೆ ಪೈಲಟ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಐಮ್‌ಸೇಫ್ ಪಟ್ಟಿಯಲ್ಲಿ ಸುಸ್ತಿನ ಸಾಲಿಗೆ ಎಲ್ಲರೂ ಸುಮ್ನೆ ಟಿಕ್ ಹಾಕುತ್ತೇವೆ.

ಈಗ ಮಾಡುವುದು ಇಷ್ಟು. ದಿನದ ಕೊನೆಯ ಲೆಗ್‌ಗೆ (ಹಾರಾಟಕ್ಕೆ) ಮುಂಚೆ, ನೆಲದ ಮೇಲೆ, 20 ನಿಮಿಷ ನಿದ್ದೆ. ನಾಸಾದವರು ಪೈಲಟ್‌ಗಳ ಮೇಲೆ ಮಾಡಿದ ಪ್ರಯೋಗದಲ್ಲಿ 26 ನಿಮಿಷದಷ್ಟು ನಿದ್ದೆಯೇ ಸಾಕಾಗಿತ್ತು. ನಾನು 45ಕ್ಕೆ ಏರಿಸಿ ನೋಡಿದೆ, ಎದ್ದಾಗ ಮಂಪರು ಇನ್ನೂ ಜಾಸ್ತಿ. ಎದ್ದ ಮೇಲೆ ಅರ್ಧ ಗಂಟೆ ಎಂಜಿನ್ ಮುಟ್ಟುವುದಿಲ್ಲ. ನೀರು, ಓಡಾಟ, ಪ್ರೀಫ್ಲೈಟ್ ತಪಾಸಣೆ. ಕಾಫಿ ಮಲಗುವ ಮುಂಚೆಯೇ ಕುಡಿದರೆ ಲೆಕ್ಕ ಸರಿಹೋಗುತ್ತದೆ.

ಆಮೇಲೆ ಫೋನಿನಲ್ಲಿ ಮೂರು ನಿಮಿಷ, ಚುಕ್ಕೆ ಕಂಡ ಕೂಡಲೇ ಮುಟ್ಟುವ ಪರೀಕ್ಷೆ. ಬೆಳಿಗ್ಗೆ ನನ್ನದು ಸುಮಾರು 250 ಮಿಲಿಸೆಕೆಂಡ್, ದಣಿದಾಗ 340ರ ಹತ್ತಿರ. ನನ್ನ ಮಿತಿ ದಾಟಿದರೆ ರಾತ್ರಿ ಅಲ್ಲೇ ಉಳಿಯುತ್ತೇನೆ. ಆ ಮಿತಿ ಎಷ್ಟು, ಹೇಗೆ ಹಿಡಿದೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ನನ್ನ ಸಂಖ್ಯೆ ನಿಮಗೆ ಹೊಂದುವುದೂ ಇಲ್ಲ.

ನಡುವೆ ಆಕ್ಸಿಜನ್ ಕೂಡ ನೋಡಿದೆ. 9,000 ಅಡಿಯಲ್ಲಿ ಬೆರಳಿನ ಮೀಟರ್ ರಕ್ತದ ಆಕ್ಸಿಜನ್ ಶೇ. 91 ತೋರಿಸುತ್ತಿತ್ತು. ಆಕ್ಸಿಜನ್ ಹಾಕಿಕೊಂಡರೆ ತಲೆನೋವು ಹೋಯಿತು, ಚುಕ್ಕೆ ಪರೀಕ್ಷೆ ಮಾತ್ರ ಸುಧಾರಿಸಲಿಲ್ಲ.

ಇನ್ನೊಂದು ಕಟ್ಟು: 500 ಅಡಿಯಲ್ಲಿ ವೇಗ 5 ನಾಟ್‌ಗಿಂತ ಜಾಸ್ತಿ ಆಚೀಚೆ ಇದ್ದರೆ ಗೋ-ಅರೌಂಡ್. ಟೇಕಾಫ್‌ಗೆ ಮುಂಚೆಯೇ ಇದನ್ನು ಜೋರಾಗಿ ಹೇಳಿಕೊಳ್ಳುತ್ತೇನೆ. ಫೈನಲ್‌ನಲ್ಲಿ ಯೋಚಿಸಲು ಏನನ್ನೂ ಉಳಿಸುವುದಿಲ್ಲ.

ನಾಲ್ಕು ವರ್ಷ, ಆರುನೂರರಷ್ಟು ಲ್ಯಾಂಡಿಂಗ್, ಒಂದೂ ಕೆಟ್ಟ ಪುಟಿತ ಇಲ್ಲ. ಗೋ-ಅರೌಂಡ್ ಇಪ್ಪತ್ತೋ ಏನೋ. ಏಳೆಂಟು ರಾತ್ರಿ ಉಳಿದ ಖರ್ಚು ಆ ಎಂಜಿನ್ ಬಿಲ್ಲಿನ ಮೂಲೆಗೂ ಬರುವುದಿಲ್ಲ. "ಹಗಲು ಮಲಗುವವನು ಎಂಥ ಪೈಲಟ್" ಅಂದಿದ್ದ ಗೆಳೆಯ ಹೋದ ತಿಂಗಳು ನನ್ನ ಪಕ್ಕದಲ್ಲೇ ರೆಕ್ಕೆಯ ನೆರಳಿನಲ್ಲಿ ಚಾಪೆ ಹಾಸಿಕೊಂಡ.