ಡಿಸೈನ್ ಆಮೇಲೆ, ಮೊದಲು ಸೂಜಿ ನೋಡಿ

ಮಳೆಗಾಲದಲ್ಲಿ ಹಚ್ಚೆ ಹಾಕಿಸಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ನಮ್ಮ ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬೈರಾಸೇ ಸರಿಯಾಗಿ ಒಣಗುವುದಿಲ್ಲ, ಇನ್ನು ಗಾಯ ಒಣಗುತ್ತದಾ? ಟ್ಯಾಟೂ ಅಂದರೆ ಗಾಯವೇ. ಮೇಲಿನ ಚರ್ಮ ಮಾಯಲು ಎರಡರಿಂದ ನಾಲ್ಕು ವಾರ ಬೇಕು. ಅಷ್ಟು ದಿನ ಕೆರೆ, ಹೊಳೆ, ಸಮುದ್ರ ಯಾವುದಕ್ಕೂ ಇಳಿಯಬೇಡಿ, ಅಡಿಕೆಗೆ ಬೋರ್ಡೋ ಮದ್ದು ಬಿಡುವ ಕೆಲಸವನ್ನೂ ಬೇರೆಯವರಿಗೆ ಬಿಡಿ. ಉಪ್ಪುನೀರು ಗಾಯಕ್ಕೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಸಮುದ್ರದ ನೀರು ಒಳ್ಳೆಯದಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಲಿವರ್ ಕಾಯಿಲೆ ಇದ್ದ ಒಬ್ಬರು ಟ್ಯಾಟೂ ಹಾಕಿಸಿ ಐದೇ ದಿನಕ್ಕೆ ಸಮುದ್ರದಲ್ಲಿ ಈಜಿದರು. ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಗಾಯದೊಳಗೆ ಹೊಕ್ಕಿತು, ಅವರು ಬದುಕಲಿಲ್ಲ. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಪ್ರಕರಣ ಇದು.

ಇನ್ನು ಅಂಗಡಿ. ಮಂಗಳೂರಿಗೆ ಹೋದರೂ ಸರಿ, ಇಲ್ಲೇ ಪೇಟೆಯಲ್ಲಾದರೂ ಸರಿ, ಹಾಕುವವರ ಕೈಯನ್ನೇ ನೋಡುತ್ತಿರಿ. ಸೂಜಿಯ ಪ್ಯಾಕೆಟ್ ನಿಮ್ಮೆದುರೇ ಹರಿಯಬೇಕು, ಅದರ ಮೇಲಿನ ತಾರೀಕು ಮುಗಿದಿರಬಾರದು. ಇಂಕನ್ನು ಪುಟ್ಟ ಕಪ್ಪಿಗೆ ಹೊಯ್ದುಕೊಂಡು, ಉಳಿದದ್ದನ್ನು ಬಿಸಾಡಬೇಕೇ ಹೊರತು ಬಾಟಲಿಗೆ ವಾಪಸ್ ಹಾಕಬಾರದು. ನಡುವೆ ಫೋನ್ ಬಂತು, ಗ್ಲೌಸ್ ಹಾಕಿದ ಕೈಯಲ್ಲೇ ಎತ್ತಿದರು, ಮಾತಾಡಿ ಅದೇ ಗ್ಲೌಸ್‌ನಲ್ಲಿ ಮತ್ತೆ ಕೆಲಸ ಶುರು ಮಾಡಿದರು ಅಂತಾದರೆ ನಿಲ್ಲಿಸಿ, ಬದಲಾಯಿಸಿ ಅಂತ ಬಾಯಿಬಿಟ್ಟೇ ಹೇಳಿ. ದುಡ್ಡು ಕೊಡುವುದು ನೀವು, ಸಂಕೋಚ ಯಾಕೆ? ಮತ್ತೆ ಬಳಸುವ ಸಲಕರಣೆ ಇದ್ದರೆ ಆಟೋಕ್ಲೇವ್ ಇದೆಯಾ ಕೇಳಿ. ಒತ್ತಡದ ಹಬೆಯಲ್ಲಿ 121 ಡಿಗ್ರಿಯಲ್ಲಿ 15 ನಿಮಿಷವಾದರೂ ಇಡುವ ಯಂತ್ರ ಅದು. ಡೆಟ್ಟಾಲ್‌ನಲ್ಲಿ ಅದ್ದಿದ್ದೇವೆ, ಬಿಸಿನೀರಲ್ಲಿ ಕುದಿಸಿದ್ದೇವೆ ಅನ್ನುವುದು ಸಾಕಾಗುವುದಿಲ್ಲ.

ಜನ ಎಚ್‌ಐವಿಗೆ ಹೆದರುತ್ತಾರೆ, ಲಿವರಿಗೆ ತಗಲುವ ಹೆಪಟೈಟಿಸ್ ಬಿ ಸೋಂಕು ನೆನಪಾಗುವುದೇ ಇಲ್ಲ. ಒಣಗಿದ ರಕ್ತದಲ್ಲೂ ಆ ವೈರಸ್ ಏಳು ದಿನ ಬದುಕಿರಬಲ್ಲದು. ಅದಕ್ಕೆ ಲಸಿಕೆ ಇದೆ. ಮೊದಲನೆಯದಾದ ಮೇಲೆ ಒಂದು ತಿಂಗಳಿಗೆ ಒಂದು, ಆರು ತಿಂಗಳಿಗೆ ಇನ್ನೊಂದು. ಹೆಪಟೈಟಿಸ್ ಸಿಗೆ ಲಸಿಕೆಯೇ ಇಲ್ಲ. ಹಾಗಾಗಿ ಜಾತ್ರೆ ಸಂತೆಯಲ್ಲಿ ಒಂದೇ ಸೂಜಿ, ಒಂದೇ ಇಂಕಿನ ಡಬ್ಬಿ ಇಟ್ಟುಕೊಂಡು ಸಾಲಾಗಿ ಹೆಸರು ಬರೆಯುವವರ ಹತ್ತಿರ ಕೈ ಚಾಚಲೇಬೇಡಿ, ಎಷ್ಟೇ ಕಡಿಮೆ ರೇಟಾದರೂ.

ಕಿವಿ ಮೂಗು ಚುಚ್ಚಿಸುವುದು ನಮಗೆ ಹೊಸತೇನಲ್ಲ, ಆಚಾರಿಯ ಮುಂದೆ ಕೂತು ಅತ್ತವರೇ ಜಾಸ್ತಿ. ಈಗಿನ ಚುಚ್ಚುವ ಗನ್ ನನಗೆ ಇಷ್ಟವಿಲ್ಲ. ಪ್ಲಾಸ್ಟಿಕ್ ಭಾಗಗಳಿರುವ ಗನ್ ಆಟೋಕ್ಲೇವ್‌ನ ಬಿಸಿ ತಡೆಯುವುದಿಲ್ಲ. ಕಿವಿಯ ಮೇಲ್ಭಾಗದ ಮೃದು ಎಲುಬಿಗಂತೂ ಗನ್ ಬೇಡವೇ ಬೇಡ, ಅಲ್ಲಿ ಕೀವಾದರೆ ಕಿವಿಯ ಆಕಾರವೇ ಕೆಡಬಹುದು. ಹೊಸ ಟೊಳ್ಳು ಸೂಜಿಯಲ್ಲೇ ಚುಚ್ಚಿಸಿ. ಕಿವಿಯ ಹಾಲೆ ಆರೆಂಟು ವಾರದಲ್ಲಿ ಮಾಯುತ್ತದೆ, ಮೇಲ್ಭಾಗಕ್ಕೆ ಒಂದು ವರ್ಷವೂ ಬೇಕಾಗಬಹುದು. ಟೈಟಾನಿಯಂ ಅಥವಾ ಒಳ್ಳೆಯ ಚಿನ್ನ ಹಾಕಿ. ಫ್ಯಾನ್ಸಿ ಅಂಗಡಿಯ ಅಗ್ಗದ ಓಲೆಯಲ್ಲಿ ನಿಕ್ಕಲ್ ಇರಬಹುದು, ತುರಿಕೆ ಶುರುವಾಗುತ್ತದೆ.

ಆರೈಕೆ ಸುಲಭ. ಕೈ ತೊಳೆದೇ ಮುಟ್ಟಿ. ಟ್ಯಾಟೂವಿಗೆ ಸಾದಾ ಸೋಪು ನೀರು, ಚುಚ್ಚಿದ ಜಾಗಕ್ಕೆ ಮೆಡಿಕಲ್‌ನಲ್ಲಿ ಸಿಗುವ ಸಲೈನ್. ಹೊಪ್ಪಳೆ ಕೀಳಬೇಡಿ. ಅಜ್ಜಿ ಅರಿಶಿನ ಹಿಡಿದುಕೊಂಡು ಬಂದರೆ ನಯವಾಗಿ ತಪ್ಪಿಸಿಕೊಳ್ಳಿ, ಹಸಿ ಗಾಯಕ್ಕೆ ಪುಡಿ ಬೇಡ. ಕೆಂಪು ಹರಡುತ್ತಾ ಹೋದರೆ, ಕೀವು ಬಂದರೆ, ಜ್ವರ ಬಂದರೆ ಡಾಕ್ಟರಿಗೆ ತೋರಿಸಿ. ಆದರೆ ಓಲೆಯನ್ನು ನೀವೇ ಕಿತ್ತು ಬಿಸಾಡಬೇಡಿ, ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು.

ಮದುವೆ ಮನೆಯ ಮದರಂಗಿಗೂ ಒಂದು ಮಾತು. ಸೊಪ್ಪಿನ ಮದರಂಗಿ ಕೆಂಪಾಗುತ್ತದೆ. ಒಂದು ಗಂಟೆಯೊಳಗೆ ಕಡುಕಪ್ಪಾಗುವ ಕೋನ್‌ನಲ್ಲಿ ಕೂದಲ ಬಣ್ಣಕ್ಕೆ ಹಾಕುವ ಪಿಪಿಡಿ ಅನ್ನುವ ರಾಸಾಯನಿಕ ಇರುವ ಸಾಧ್ಯತೆ ಜಾಸ್ತಿ. ಗುಳ್ಳೆ ಎದ್ದು ಕಲೆ ಉಳಿಯಬಹುದು, ಒಮ್ಮೆ ಅಲರ್ಜಿ ಹಿಡಿದರೆ ಮುಂದೆ ಹೇರ್ ಡೈ ಕೂಡ ಆಗದು.

ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಗಾಯ ಮಾಯುವಾಗ ಗಂಟು ಕಟ್ಟುವ ಚರ್ಮದವರು ಮೊದಲೇ ಡಾಕ್ಟರನ್ನು ಕೇಳಿ. ರಕ್ತದಾನ ಮಾಡುವ ಅಭ್ಯಾಸ ಇದ್ದರೆ, ಟ್ಯಾಟೂ ಆಗಲಿ ಚುಚ್ಚಿಸಿದ್ದಾಗಲಿ, 12 ತಿಂಗಳು ಕೊಡುವ ಹಾಗಿಲ್ಲ. ಕ್ಯಾಂಪಿನಲ್ಲಿ ಕೇಳಿದರೆ ಅಂಗಿಯ ತೋಳು ಇಳಿಸಿ ಮುಚ್ಚಿಡಬೇಡಿ.