ಪ್ರೆಸ್ಸಿಗೆ ಎಷ್ಟು ಟನ್ ಬೇಕು? ನಾನು ಲೆಕ್ಕ ಹಾಕುವ ರೀತಿ

ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಫೋರ್ಜಿಂಗ್ ಶೆಡ್ಡಿನಲ್ಲಿ ನಾನು ಹೆಚ್ಚಾಗಿ ಮಾಡುವುದು ಇಎನ್ 8 (ಮಧ್ಯಮ ಇಂಗಾಲದ) ಉಕ್ಕಿನ ಫ್ಲ್ಯಾಂಜ್, ಅಂದರೆ ಪೈಪು ಜೋಡಿಸುವ ದುಂಡು ಬಿಲ್ಲೆ. 50 ಮಿ.ಮೀ. ವ್ಯಾಸ, 75 ಮಿ.ಮೀ. ಎತ್ತರದ ತುಂಡನ್ನು ಕಾಯಿಸಿ, ನಿಲ್ಲಿಸಿ, ಪ್ರೆಸ್ಸಿನಲ್ಲಿ ಒತ್ತಿ 25 ಮಿ.ಮೀ.ಗೆ ಇಳಿಸಬೇಕು. ಎತ್ತರ ವ್ಯಾಸದ ಎರಡೂವರೆ ಪಟ್ಟು ದಾಟದಂತೆ ನೋಡಿಕೊಳ್ಳುತ್ತೇನೆ. ದಾಟಿದರೆ ತುಂಡು ನಡುವಿನಲ್ಲಿ ಬಾಗುತ್ತದೆ, ಆ ಬಾಗು ಮಡಿಕೆಯಾಗಿ ಒಳಗೇ ಉಳಿಯುತ್ತದೆ. ಎಣ್ಣೆ ಕುಲುಮೆಯಲ್ಲಿ ಸ್ಕೇಲ್ (ಮೇಲ್ಮೈಯ ಆಕ್ಸೈಡ್ ಹೊಪ್ಪಳೆ) ಆಗಿ ಉದುರುವುದಕ್ಕೆ ಶೇ 2.5 ಸೇರಿಸಿ 77 ಮಿ.ಮೀ.ಗೆ ಕತ್ತರಿಸುತ್ತೇನೆ.

ಒತ್ತಿದರೂ ಲೋಹದ ಘನಗಾತ್ರ ಬದಲಾಗದು: 1,47,000 ಘನ ಮಿ.ಮೀ. ಅದನ್ನು 25ರಿಂದ ಭಾಗಿಸಿದರೆ ಕೊನೆಯ ವಿಸ್ತೀರ್ಣ 5,890 ಚದರ ಮಿ.ಮೀ., ವ್ಯಾಸ ಸುಮಾರು 87. ಹಳದಿ ಬಣ್ಣಕ್ಕೆ ಬಂದ, ಅಂದರೆ 1150 ಡಿಗ್ರಿಯ ಉಕ್ಕು ಹರಿಯಲು ಚದರ ಮಿ.ಮೀ.ಗೆ 100 ನ್ಯೂಟನ್ ಎಂದು ಹಿಡಿಯುತ್ತೇನೆ. ಹಲವರು ಈ ವಿಸ್ತೀರ್ಣವನ್ನೂ 100ನ್ನೂ ಗುಣಿಸಿ, ನ್ಯೂಟನ್ನನ್ನು ಟನ್ನಿಗೆ ಬದಲಿಸಿ 60 ಟನ್ ಎಂದು ನಿಲ್ಲಿಸಿಬಿಡುತ್ತಾರೆ. ತಪ್ಪುವುದು ಅಲ್ಲೇ. ತುಂಡಿನ ಮುಖ ಡೈಗೆ (ಒತ್ತುವ ಅಚ್ಚಿಗೆ) ಉಜ್ಜುತ್ತಾ ಹರಡಬೇಕಲ್ಲ, ಅದಕ್ಕೂ ಬಲ ಬೇಕು. ಘರ್ಷಣಾಂಕವನ್ನು ವ್ಯಾಸದಿಂದ ಗುಣಿಸಿ, ಎತ್ತರದ ಮೂರು ಪಟ್ಟಿನಿಂದ ಭಾಗಿಸಿ, ಒಂದು ಕೂಡಿಸಬೇಕು. ಘರ್ಷಣಾಂಕ 0.3 ಇದ್ದರೆ 1.35 ಬರುತ್ತದೆ, 60ನ್ನು ಅದರಿಂದ ಗುಣಿಸಿದರೆ ಬಲ 81 ಟನ್.

ಇದೇ ಸೂತ್ರದಲ್ಲಿ ಎತ್ತರ 50 ಇದ್ದಾಗ ಸಾಕಾಗುವುದು 34 ಟನ್. 25ರ ಬದಲು 15 ಮಿ.ಮೀ.ಗೆ ಇಳಿಸಿ ನೋಡಿ, ಸುಮಾರು 175 ಟನ್ ಆಗುತ್ತದೆ. ತೆಳ್ಳಗಾದಷ್ಟೂ ವಿಸ್ತೀರ್ಣವೂ ಘರ್ಷಣೆಯೂ ಒಟ್ಟಿಗೇ ಏರುತ್ತವೆ. ಘರ್ಷಣೆ ತಗ್ಗಿಸುವ ಗ್ರಾಫೈಟ್ ಸರಿಯಾಗಿ ಬಳಿಯದ ಡೈ ಪ್ರೆಸ್ಸನ್ನು ನಿಲ್ಲಿಸಿಬಿಡುವುದು ಈ ಕೊನೆಯ ಕೆಲವು ಮಿಲಿಮೀಟರ್‌ಗಳಲ್ಲೇ.

ಮುಚ್ಚಿದ ಡೈಯ, ಅಂದರೆ ತುಂಡನ್ನು ಸುತ್ತಲೂ ಆವರಿಸುವ ಅಚ್ಚಿನ ಮಾತೇ ಬೇರೆ. ಸುತ್ತ 6 ಮಿ.ಮೀ. ಫ್ಲ್ಯಾಶ್ (ಅಚ್ಚಿನ ಅಂಚಿನಿಂದ ಹೊರಬರುವ ತೆಳು ಲೋಹ) ಸೇರಿ ವಿಸ್ತೀರ್ಣ 7,640 ಚದರ ಮಿ.ಮೀ. ಆಗುತ್ತದೆ. 1.35ರ ಜಾಗದಲ್ಲಿ ಗುಣಿಸಬೇಕಾದ ಗುಣಕ ಸರಳ ಆಕಾರಕ್ಕೆ 5ರಿಂದ 8. ನಾನು 6 ಹಿಡಿಯುತ್ತೇನೆ, 467 ಟನ್ ಬರುತ್ತದೆ. ತೆಳುವಾದ ಫ್ಲ್ಯಾಶ್ ಬೇಗ ತಣ್ಣಗಾಗಿ ಲೋಹಕ್ಕೆ ಹೊರದಾರಿ ಕಟ್ಟುತ್ತದೆ. ಮೂಲೆ ತುಂಬುವುದು ಅದರಿಂದಲೇ, ಟನ್ ಏರುವುದೂ ಅದರಿಂದಲೇ. 600 ಟನ್ನಿನ ಪ್ರೆಸ್ಸಿಗಿಂತ ಚಿಕ್ಕದಕ್ಕೆ ಈ ಕೆಲಸ ಹಾಕುವುದಿಲ್ಲ.

ಸುತ್ತಿಗೆಗೆ ಟನ್ ಲೆಕ್ಕ ನಡೆಯದು, ಶಕ್ತಿಯನ್ನೇ ನೋಡಬೇಕು. ಮೇಲಿನ ಚಪ್ಪಟೆ ಕೆಲಸಕ್ಕೆ ಘರ್ಷಣೆ ಬಿಟ್ಟೇ 16 ಕಿಲೋಜೂಲ್ ಬೇಕು. ಒಂದು ಟನ್ನಿನ ಸುತ್ತಿಗೆ ಒಂದು ಮೀಟರ್ ಬಿದ್ದರೆ 9.8. ಅಡಿಗಲ್ಲು ನುಂಗುವುದನ್ನು ಕಳೆದರೆ ಮೂರು ಪೆಟ್ಟಾದರೂ ಬೇಕು.

ನಮ್ಮ ಮಳೆಗಾಲದಲ್ಲಿ ಶೆಡ್ಡು, ಡೈ ಎಲ್ಲವೂ ಥಂಡಿ ಹಿಡಿದಿರುತ್ತವೆ. ಡೈಯನ್ನು 200 ಡಿಗ್ರಿಗೆ ಕಾಯಿಸದೆ ಮೊದಲ ಪೆಟ್ಟು ಹಾಕಿದರೆ ಮೂಲೆಯಲ್ಲಿ ಬಿರುಕು ಬಿಡುತ್ತದೆ. ತುಂಡು 900 ಡಿಗ್ರಿಗೆ ಇಳಿದರೆ ಬೇಕಾದ ಬಲ ಒಂದೂವರೆಯಿಂದ ಎರಡು ಪಟ್ಟಾಗಬಹುದು. ಕಿತ್ತಳೆ ಬಣ್ಣ ಕೆಂಪಿಗೆ ತಿರುಗುತ್ತಿದೆ ಎಂದರೆ ಇನ್ನು ಹೊಡೆಯದೆ ಮತ್ತೆ ಕುಲುಮೆಗೆ ಹಾಕುತ್ತೇನೆ.