ಬಂಪರ್‌ಗೆ ಅಂಟಿಕೊಂಡು ಬರೋ ಗಾಡಿಗೆ ಏನು ಮಾಡಬೇಕು

ಬೆಂಗಳೂರು-ಮೈಸೂರು ಹೈವೇಲಿ ಹಿಂದಿನ ಗಾಡಿ ತೀರಾ ಹತ್ತಿರ ಬಂದು ಡಿಪ್ಪರ್ ಹೊಡೀತಿದ್ರೆ ಗಾಬರಿಯಾಗಿ ಸ್ಪೀಡ್ ಏರಿಸಬೇಡಿ. ಬುದ್ಧಿ ಕಲಿಸ್ತೀನಿ ಅಂತ ಬ್ರೇಕ್ ತುಳಿಯೋದಂತೂ ಬೇಡವೇ ಬೇಡ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೆ. ಅವರ ಕಾಲು ಬ್ರೇಕ್ ಮೇಲೆ ಬರೋದ್ರೊಳಗೆ ಡಿಕ್ಕಿ ಆಗಿರುತ್ತೆ.

ಮೊದಲು ಆಕ್ಸಿಲರೇಟರ್ ಮೆಲ್ಲಗೆ ಸಡಿಲಿಸಿ, ಮುಂದಿನ ಗಾಡಿಗೂ ನಿಮಗೂ ನಾಲ್ಕು ಸೆಕೆಂಡ್ ಅಂತರ ಮಾಡಿಕೊಳ್ಳಿ. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ಶುರು ಮಾಡಿ, ನೀವು ಅದೇ ಕಂಬ ತಲುಪೋವರೆಗೆ ಎಣಿಸಿದ್ರೆ ಲೆಕ್ಕ ಸಿಗುತ್ತೆ. ಇಷ್ಟು ಜಾಗ ಇದ್ರೆ ನೀವು ಬ್ರೇಕನ್ನ ಹಂತಹಂತವಾಗಿ ಒತ್ತಬಹುದು, ಹಿಂದಿನವರಿಗೂ ನಿಲ್ಲಿಸೋಕೆ ಸಮಯ ಸಿಗುತ್ತೆ. ಆಮೇಲೆ ಎಡ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಒಮ್ಮೆ ಕತ್ತು ತಿರುಗಿಸಿ ನೋಡಿ, ಲೇನ್ ಬಿಟ್ಟುಕೊಡಿ. ಸೋತಂತೆ ಅನ್ನಿಸಬಹುದು, ಆದ್ರೂ ಬಿಡಿ. ರಾತ್ರಿ ಹೈಬೀಮ್ ಕಣ್ಣಿಗೆ ಹೊಡೆದ್ರೆ ಒಳಗನ್ನಡಿಯ ಕೆಳಗಿರೋ ಪುಟ್ಟ ಲಿವರ್ ತಿರುಗಿಸಿ.

ಪಕ್ಕಕ್ಕೆ ಬಂದು ಬೈದ್ರೆ ಅವರ ಮುಖ ನೋಡಬೇಡಿ. ಅಡ್ಡ ಹಾಕಿದ್ರೆ ಇಳಿಯಬೇಡಿ. ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, 112ಕ್ಕೆ ಫೋನ್ ಮಾಡಿ ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿ. ಬೆನ್ನು ಬಿಡದೆ ಬಂದ್ರೆ ಮನೆ ಕಡೆ ಹೋಗಬೇಡಿ, ಪೊಲೀಸ್ ಠಾಣೆಗೋ ಜನ ಇರೋ ಪೆಟ್ರೋಲ್ ಬಂಕ್‌ಗೋ ತಿರುಗಿಸಿ.